ಅಪ್ಪ ಬಾಯಿ ಬಿಡದಿದ್ದರೆ ಕೋಡರ್ ಏನು ಬರೀಬೇಕು?

ಕೋಡಿಂಗ್ ಅಂದ ತಕ್ಷಣ ನನ್ನಂಥ ಇಂಜಿನಿಯರಿಂಗ್ ಓದಿದವರಿಗೆ ಪೈಥಾನ್, ಜಾವಾ ನೆನಪಾಗುತ್ತೆ. ದುಬೈ, ಅಬುಧಾಬಿಯ ಆಸ್ಪತ್ರೆಗಳಲ್ಲಿ ಆ ಮಾತಿಗೆ ಬೇರೆ ಅರ್ಥ. ಡಾಕ್ಟರ್ ಬರೆದ ಟಿಪ್ಪಣಿ ಓದಿ, ಕಾಯಿಲೆಗೆ ಐಸಿಡಿ-10 ಕೋಡ್, ಮಾಡಿದ ಪರೀಕ್ಷೆಗೆ ಸಿಪಿಟಿ ಕೋಡ್ ಹಾಕೋದು ಮೆಡಿಕಲ್ ಕೋಡಿಂಗ್. ಅಬುಧಾಬಿಯಲ್ಲಿ 2005ರ ಕಾನೂನು, ದುಬೈಯಲ್ಲಿ 2013ರ ಕಾನೂನು ಆರೋಗ್ಯ ವಿಮೆಯನ್ನು ಕಡ್ಡಾಯ ಮಾಡಿವೆ. ವಿಮೆ ಕಂಪನಿ ದುಡ್ಡು ಕೊಡುತ್ತೋ ಇಲ್ಲವೋ ಅನ್ನೋದು ಬಹುಮಟ್ಟಿಗೆ ಈ ಕೋಡುಗಳ ಮೇಲೇ ನಿಂತಿದೆ.

ಪ್ರಾಸ್ಟೇಟ್ ಕ್ಯಾನ್ಸರ್ ತಪಾಸಣೆಯನ್ನೇ ತಗೊಳ್ಳಿ. ರಕ್ತ ಪರೀಕ್ಷೆ ಒಂದೇ: ಪಿಎಸ್‌ಎ, ಕೋಡ್ 84153. ಆದರೆ ಅದನ್ನು ಯಾಕೆ ಮಾಡಿಸಿದ್ರು ಅನ್ನೋದಕ್ಕೆ ಕೋಡ್ ಬೇರೆ ಬೇರೆ. ಯಾವ ತೊಂದರೆಯೂ ಇಲ್ಲದೆ ತಪಾಸಣೆಗೆ ಬಂದರೆ ಝಡ್12.5. ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವ ಹಾಗಾದರೆ ಆರ್35.1. ಪಿಎಸ್‌ಎ ಜಾಸ್ತಿ ಬಂದಿದ್ದರೆ ಆರ್97.20. ಕ್ಯಾನ್ಸರ್ ಖಚಿತವಾದರೆ ಸಿ61. ಮನೆಯಲ್ಲಿ ತಂದೆಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಬಂದಿದ್ದರೆ ಝಡ್80.42. ಇದರಲ್ಲಿ ಯಾವುದನ್ನೂ ಕೋಡರ್ ಊಹೆ ಮಾಡಿ ಹಾಕೋ ಹಾಗಿಲ್ಲ. ಡಾಕ್ಟರ್ ಬರೆದಿರಬೇಕು. ಡಾಕ್ಟರ್ ಬರೆಯೋಕೆ ರೋಗಿ ಹೇಳಿರಬೇಕು.

ನಮ್ಮವರು ಎಡವೋದು ಇಲ್ಲೇ. ನಮ್ಮ ಅಪ್ಪಂದಿರು, ಮಾವಂದಿರು ಶುಗರ್, ಬಿಪಿ ಬಗ್ಗೆ ಮದುವೆ ಮನೆಯಲ್ಲೂ ಮಾತಾಡ್ತಾರೆ. ಮೂತ್ರದ ವಿಷಯ ಬಂದ್ರೆ ಮಾತ್ರ, "ಏನಿಲ್ಲ ಡಾಕ್ಟ್ರೇ, ಸುಮ್ನೆ ಚೆಕಪ್‌ಗೆ ಬಂದೆ" ಅಂತಾರೆ. ಆರು ತಿಂಗಳಿಂದ ನಿದ್ದೆ ಕೆಟ್ಟಿರುತ್ತೆ. ಆದರೂ ಫೈಲಿನಲ್ಲಿ ಬೀಳೋದು ಝಡ್12.5. ತಪಾಸಣೆ ನಿಮ್ಮ ಪಾಲಿಸಿಯಲ್ಲಿ ಇಲ್ಲ ಅಂತ ಕ್ಲೇಮ್ ವಾಪಸ್ ಬಂದ ಮೇಲೆ ಮನೆಯವರ ಸಿಟ್ಟೆಲ್ಲ ಕೌಂಟರಿನಲ್ಲಿ ಕೂತವರ ಮೇಲೆ.

ಇನ್ನು ಕೆಲವರದ್ದು ಇದರ ತಿರುವುಮುರುವು. ತೊಂದರೆ ಏನೂ ಇರಲ್ಲ. ಆದರೂ "ಸ್ವಲ್ಪ ಕೋಡ್ ಚೇಂಜ್ ಮಾಡಿಕೊಡಿ, ಪಾಸಾಗಲಿ" ಅಂತ ಕೇಳ್ತಾರೆ. ಪ್ರೀಮಿಯಂ ಕಟ್ಟಿದ್ದೀವಲ್ಲ, ತಪ್ಪೇನು ಅನ್ನೋ ವಾದ ನನಗೂ ಅರ್ಥ ಆಗುತ್ತೆ. ಒಪ್ಪೋಕೆ ಮಾತ್ರ ಆಗಲ್ಲ. ಅದು ಮೋಸ ಅನ್ನೋದು ಒಂದು ಕಾರಣ. ಇನ್ನೊಂದು, ಆ ಸುಳ್ಳು ಅವತ್ತಿನ ಬಿಲ್ಲಿಗೇ ಮುಗಿಯಲ್ಲ. ಅಬುಧಾಬಿಯಲ್ಲಿ ಆಸ್ಪತ್ರೆಗಳ ದಾಖಲೆಗಳನ್ನು ಜೋಡಿಸುವ ವ್ಯವಸ್ಥೆಯ ಹೆಸರು ಮಲಫಿ. ಅರಬಿಕ್‌ನಲ್ಲಿ ಹಾಗಂದ್ರೆ "ನನ್ನ ಫೈಲು". ದುಬೈಯಲ್ಲಿ ಅದೇ ಥರದ್ದು ನಬಿದ್. ಇವತ್ತು ಬರೆಸಿದ ಇಲ್ಲದ ಲಕ್ಷಣವನ್ನು ನಾಳೆ ಬೇರೆ ಆಸ್ಪತ್ರೆಯ ಡಾಕ್ಟರ್ ನಿಜ ಅಂತಲೇ ಓದ್ತಾರೆ.

ಹಾಗಂತ ಎಲ್ಲರೂ ಓಡಿಹೋಗಿ ಪಿಎಸ್‌ಎ ಮಾಡಿಸಿ ಅಂತ ನಾನು ಹೇಳ್ತಿಲ್ಲ. ವಯಸ್ಸಾದಂತೆ ಪ್ರಾಸ್ಟೇಟ್ ದೊಡ್ಡದಾದರೂ, ಸೋಂಕಾದರೂ ಆ ಸಂಖ್ಯೆ ಏರುತ್ತೆ. ಅಮೆರಿಕದ ತಜ್ಞರ ಸಮಿತಿ 2018ರಲ್ಲಿ ಹೇಳಿದ್ದೂ ಇಷ್ಟೇ: 55ರಿಂದ 69 ವಯಸ್ಸಿನವರು ಲಾಭ-ನಷ್ಟ ಎರಡನ್ನೂ ಡಾಕ್ಟರ್ ಜೊತೆ ಮಾತಾಡಿ ತೀರ್ಮಾನ ಮಾಡಲಿ, 70 ದಾಟಿದವರಿಗೆ ಈ ತಪಾಸಣೆ ಬೇಡ. ಇದು ತೊಂದರೆ ಇಲ್ಲದವರ ಮಾತು. ಮೂತ್ರದಲ್ಲಿ ರಕ್ತ ಕಂಡವರು ವಯಸ್ಸು ಎಷ್ಟೇ ಇರಲಿ, ಡಾಕ್ಟರ್ ಹತ್ರ ಹೋಗಲೇಬೇಕು.

ಗೆಳೆಯರೇ, ಮನೆಯ ಆನ್‌ಲೈನ್ ಫಾರಂ ತುಂಬೋದು, ಅಪಾಯಿಂಟ್‌ಮೆಂಟ್ ತಗೊಳ್ಳೋದು ಈಗ ನಮ್ಮದೇ ಕೆಲಸ ತಾನೇ? ಅಪ್ಪ ಊರಲ್ಲಿರಲಿ, ಗಲ್ಫಿನಲ್ಲಿರಲಿ, ಹೋಗೋ ಮುಂಚೆ ಕೂತು ಮೂರು ಸಾಲು ಬರೆದುಕೊಡಿ: ತೊಂದರೆ ಏನು, ಯಾವಾಗಿಂದ, ಮನೆಯಲ್ಲಿ ಯಾರಿಗೆ ಏನಿತ್ತು. ಬಾಯಲ್ಲಿ ಹೇಳೋಕೆ ನಾಚಿಕೆ ಆದ್ರೆ ಚೀಟಿ ಕೊಡಲಿ. ಮಗನ ಹತ್ರ ಹೇಳದ್ದನ್ನು ಅಮ್ಮನ ಹತ್ರ ಹೇಳಿರಬಹುದು, ಅವರನ್ನೂ ಕೇಳಿ. ಈ ಕಾಯಿಲೆ ತಂದೆಗಿದ್ದರೆ ಮಗನಿಗೆ ಬರುವ ಸಾಧ್ಯತೆ ಸುಮಾರು ಎರಡರಷ್ಟು. ಹಾಗಾಗಿ ನಮ್ಮ ಹುಡುಗರೇ, ಅಪ್ಪ ಇವತ್ತು ಮುಚ್ಚಿಟ್ಟ ಮಾತು ನಾಳೆ ನಿಮ್ಮ ಫೈಲಿನಲ್ಲೂ ಇರಲ್ಲ.