ಸಂಜೆ ನಾಲ್ಕರಿಂದ ಏಳರವರೆಗೆ ನಮ್ಮ ಮಕ್ಕಳಿಗೆ ದಿಕ್ಕು ಯಾರು?

ಸಂಜೆ ನಾಲ್ಕಕ್ಕೆ ಶಾಲೆಯ ಗಂಟೆ ಬಾರಿಸುತ್ತದೆ. ಮೈಸೂರು ರಸ್ತೆಯ ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರ ನಿಲ್ಲಬೇಕಾದರೆ ಆರಾಗಬೇಕು. ತಾಯಿ ಬಸ್ಸು ಹಿಡಿದು ಚಾಮರಾಜಪೇಟೆಯ ಮನೆ ಸೇರುವಾಗ ಏಳು. ಚಿಕ್ಕಪೇಟೆಯ ಸಣ್ಣ ವ್ಯಾಪಾರಿ ಅಂಗಡಿಯ ಬಾಗಿಲೆಳೆಯುವುದು ಒಂಬತ್ತಕ್ಕೆ. ಈ ನಡುವಿನ ಹೊತ್ತಿನಲ್ಲಿ ಇವರ ಎಂಟು ವರ್ಷದ ಮಗು ಎಲ್ಲಿರುತ್ತದೆ? ಕೊರಳಿಗೆ ಬೀಗದ ಕೈ ಕಟ್ಟಿಕೊಂಡು ವಠಾರದ ಜಗಲಿಯ ಮೇಲೆ, ಇಲ್ಲವೆ ಬೀದಿಯಲ್ಲಿ, ಇಲ್ಲವೆ ಅಂಗಡಿಯ ಗಲ್ಲಾದ ಪಕ್ಕದಲ್ಲಿ ತೂಕಡಿಸುತ್ತಾ. ಈ ಹೊತ್ತಿಗೆ ಹೊಣೆಗಾರರು ಯಾರೆಂಬುದೇ ಇಂದು ನಾವು ಕೇಳುವ ಪ್ರಶ್ನೆ.

ತಿಳಿದವರು ಕೊಡುವ ಉತ್ತರ ಬಹು ಸುಲಭದ್ದು: "ಒಳ್ಳೆಯ ಡೇ ಕೇರ್ ಕೇಂದ್ರವೊಂದನ್ನು ನೋಡಿ ಆರಿಸಿಕೊಳ್ಳಿ." ಬಸವನಗುಡಿ, ಮಲ್ಲೇಶ್ವರದ ಬೀದಿಗಳಲ್ಲಿ ಅಂಥ ಬೋರ್ಡುಗಳಿಗೆ ಬರವಿಲ್ಲ. ಆದರೆ ಸಂತೆಯಲ್ಲಿ ಬದನೆಕಾಯಿ ಆರಿಸುವುದಕ್ಕೂ ಕೈಯಲ್ಲಿ ಕಾಸಿರಬೇಕು. ಬಾಡಿಗೆ, ಅಕ್ಕಿ ಬೇಳೆ, ಬಡ್ಡಿ ಎಂದು ತಿಂಗಳು ತುಂಬುವ ಮೊದಲೇ ಕೂಲಿ ಕರಗಿಹೋಗುವ ಮನೆಗೆ "ಆರಿಸಿಕೊಳ್ಳಿ" ಎಂದು ಬುದ್ಧಿ ಹೇಳುವುದು, ಹಸಿದವನಿಗೆ ಪಥ್ಯ ಹೇಳಿದಂತೆ. ಕಡೆಗೆ ನಮ್ಮ ಜನ ಕಂಡುಕೊಂಡಿರುವ ದಾರಿ ಟ್ಯೂಷನ್ನು. ಹತ್ತಡಿ ಕೋಣೆಯಲ್ಲಿ ಇಪ್ಪತ್ತು ಮಕ್ಕಳು. ಕಲಿಯಲೆಂದಲ್ಲ, ಎಲ್ಲಿಯಾದರೂ ಒಂದು ಕಡೆ ಕೂತಿರಲೆಂದು.

ಕಾನೂನು ಏನು ಹೇಳುತ್ತದೆ? ೧೯೪೮ರ ಕಾರ್ಖಾನೆ ಕಾಯಿದೆಯ ೪೮ನೆಯ ಕಲಮು, ೫೦ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಶಿಶುವಿಹಾರ ಇರಲೇಬೇಕೆಂದು ವಿಧಿಸಿತು. ೧೯೭೬ರಲ್ಲಿ ಆ ಸಂಖ್ಯೆಯನ್ನು ೩೦ಕ್ಕೆ ಇಳಿಸಿದರು. ಒಳ್ಳೆಯದೇ. ಆದರೆ ಅದು ಆರು ವರ್ಷದೊಳಗಿನ ಮಕ್ಕಳಿಗೆ ಮಾತ್ರವಾಗಿತ್ತು. ೨೦೨೦ರಲ್ಲಿ ಸಂಸತ್ತು ಒಪ್ಪಿದ ಹೊಸ ಕಾರ್ಮಿಕ ಸಂಹಿತೆಯೂ ಆ ಆರು ವರ್ಷದ ಗೆರೆಯನ್ನು ದಾಟಲಿಲ್ಲ. ೨೦೨೩ರಲ್ಲಿ ರಾಜ್ಯ ಸರಕಾರ ಗ್ರಾಮ ಪಂಚಾಯಿತಿಗಳಿಗಾಗಿ ಸಾರಿದ 'ಕೂಸಿನ ಮನೆ'ಯೂ ಹೆಸರೇ ಹೇಳುವಂತೆ ಕೂಸುಗಳಿಗೆ. ಆರು ತುಂಬಿದ ಮರುದಿನ ಮಗು ಒಮ್ಮೆಗೇ ದೊಡ್ಡದಾಗಿಬಿಡುತ್ತದೆಯೇ?

"ಶಾಲೆ ಬಿಟ್ಟ ಹೊತ್ತು" ಎಂಬ ಮಾತು ಇನ್ನೊಂದು ಕಾಯಿದೆಯಲ್ಲಿ ಬರುತ್ತದೆ. ಎಲ್ಲಿ? ಬಾಲಕಾರ್ಮಿಕ ಕಾಯಿದೆಯ ೨೦೧೬ರ ತಿದ್ದುಪಡಿಯಲ್ಲಿ! ಶಾಲೆ ಬಿಟ್ಟ ಮೇಲೆ ಮತ್ತು ರಜಾ ದಿನಗಳಲ್ಲಿ, ಅಪಾಯದ್ದಲ್ಲದ ಮನೆ ಉದ್ಯೋಗದಲ್ಲಿ ಮಗು ನೆರವಾಗಬಹುದೆಂದು ಅದು ಬಾಗಿಲು ತೆರೆಯಿತು. ಅದೇ ಹೊತ್ತಿನಲ್ಲಿ ಮಗು ಆಡಲೆಂದು, ಓದಲೆಂದು ಒಂದು ಬಾಗಿಲನ್ನೂ ತೆರೆಯಲಿಲ್ಲ. ೨೦೨೩ರಲ್ಲಿ ನಮ್ಮ ವಿಧಾನ ಮಂಡಲ ವಾರಕ್ಕೆ ೪೮ ಗಂಟೆಯ ಮಿತಿಯೊಳಗೆ ದಿನದ ದುಡಿಮೆಯನ್ನು ೧೨ ಗಂಟೆಗೆ ಹಿಗ್ಗಿಸಲು ದಾರಿ ಮಾಡಿತು. ಆ ೧೨ ಗಂಟೆ ಮಗು ಎಲ್ಲಿರಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ.

"ತಾಯಿ ಮನೆಯಲ್ಲಿರಲಿ" ಎನ್ನುವ ಮಹನೀಯರೂ ಇದ್ದಾರೆ. ಆಕೆ ಮನೆಯಲ್ಲಿ ಕೂತರೆ ಒಲೆ ಹೊತ್ತುವುದು ಹೇಗೆಂಬುದನ್ನೂ ಅವರೇ ಹೇಳಲಿ. ಮಲ್ಲೇಶ್ವರದಲ್ಲಿ ರಾಜಾ ಮಿಲ್ಲು ನಿಂತಿದ್ದ ನೆಲದಲ್ಲಿ ಈಗ ಮಾಲು ಎದ್ದಿದೆ. ಮಿಲ್ಲು ಹೋದರೂ ದುಡಿಮೆ ಹೋಗಲಿಲ್ಲ. ನೂಲುವ ಕೈ ಈಗ ನೆಲ ಒರೆಸುತ್ತದೆ.

ಈ ಕೆಲಸ ಆಗದ್ದೇನೂ ಅಲ್ಲ. 'ಸರಸ್ವತಿ' ಪತ್ರಿಕೆಯ ಸಂಪಾದಕಿ ಆರ್. ಕಲ್ಯಾಣಮ್ಮನವರು ೧೯೩೮ರಲ್ಲಿ ಇದೇ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಕಟ್ಟಿದರು. ಮಕ್ಕಳಿಗೆ ಆಟ, ಪಾಠ, ಹಾಡುಗಳ ಒಂದು ಜಾಗ ಬೇಕೆಂಬುದನ್ನು ಅವರು ಅಂದೇ ಕಂಡಿದ್ದರು. ಅಲ್ಲಿನ ವೃತ್ತಕ್ಕೆ ಇಂದಿಗೂ ಆ ಹೆಸರೇ. ಬಸ್ಸಿನವನು "ಮಕ್ಕಳ ಕೂಟ" ಎಂದು ಕೂಗುತ್ತಾನೆ. ಪೇಟೆ ಪೇಟೆಗೂ ಅಂಥದೊಂದು ಏಕಿಲ್ಲವೆಂದು ನಾವು ಕೇಳುವುದಿಲ್ಲ. ಸ್ವೀಡನ್ ದೇಶದಲ್ಲಿ ತಂದೆತಾಯಿ ದುಡಿಯುವ ಮಕ್ಕಳನ್ನು ಶಾಲೆಯ ನಂತರ ನೋಡಿಕೊಳ್ಳುವುದು ಪುರಸಭೆಯ ಕರ್ತವ್ಯ. ಅದು ಯಾರ ಧರ್ಮವೂ ಅಲ್ಲ.

ಇಂದೇ ಮಗುವನ್ನು ಎಲ್ಲಿಯಾದರೂ ಬಿಡಲೇಬೇಕಾದವರಿಗೆ ನಮ್ಮ ಮಾತಿಷ್ಟು: ಬೋರ್ಡು ನೋಡಬೇಡಿ, ಬಚ್ಚಲು ನೋಡಿ. ಹೇಳದೆ ಕೇಳದೆ ಒಮ್ಮೆ ಹೋಗಿ. ಒಳಗೆ ಬಿಡದಿದ್ದರೆ ಅಲ್ಲಿಂದಲೇ ತಿರುಗಿ ಬನ್ನಿ. ಒಬ್ಬರ ಪಾಲಿಗೆ ಎಷ್ಟು ಮಕ್ಕಳೆಂದು ಎಣಿಸಿ. ಮಗುವನ್ನು ಯಾರು ಬಂದು ಕೇಳಿದರೂ ಕಳಿಸುತ್ತಾರೆಯೇ, ಹೆಸರು ಬರೆದುಕೊಳ್ಳುತ್ತಾರೆಯೇ ನೋಡಿ. ಆಡಲು ಜಾಗವುಂಟೇ, ಜ್ವರ ಬಂದರೆ ಏನು ಮಾಡುತ್ತಾರೆ, ಕೇಳಿ. ನೋಡಿಕೊಳ್ಳುವ ಹೆಂಗಸಿಗೆ ಸಂಬಳ ಎಷ್ಟೆಂದೂ ಕೇಳಿ. ಆಕೆಯ ಹೊಟ್ಟೆ ಹೊಡೆಯುವ ಕಡೆ ನಿಮ್ಮ ಮಗುವಿನ ಹೊಟ್ಟೆಯೂ ತುಂಬದು. ಎಲ್ಲಕ್ಕೂ ಮೇಲಾಗಿ, ವಾರ ಕಳೆದ ಮೇಲೆ ಮಗುವಿನ ಮುಖ ನೋಡಿ.

ಆದರೆ ಇಷ್ಟಕ್ಕೇ ಸುಮ್ಮನಾಗಬಾರದು. ಸರಕಾರಿ ಶಾಲೆಗಳು ನಾಲ್ಕೂವರೆಗೆ ಬೀಗ ಹಾಕಿಕೊಂಡು ನಿಲ್ಲುತ್ತವೆ. ಕಟ್ಟಡ ನಮ್ಮದು, ಅಂಗಳ ನಮ್ಮದು, ತೆರಿಗೆ ನಮ್ಮದು. ಆ ಬೀಗವನ್ನು ಏಳರವರೆಗೆ ತೆಗೆಸಬೇಕು. ಮಕ್ಕಳಿಗೆ ಒಂದು ಹೊತ್ತಿನ ತಿಂಡಿ, ಆಡಲು ಚೆಂಡು, ಓದಲು ಪುಸ್ತಕ, ನೋಡಿಕೊಳ್ಳಲು ಕಾನೂನಿನಂತೆ ಸಂಬಳ ಪಡೆಯುವ ಜನ. ಖರ್ಚನ್ನು ಸರಕಾರವೂ, ಇವರ ದುಡಿಮೆಯಿಂದ ಲಾಭ ಪಡೆಯುವ ಮಾಲೀಕರೂ ಹೊರಬೇಕು. ಉಸ್ತುವಾರಿಗೆ ತಂದೆತಾಯಿಗಳೇ ಇರುವ ಶಾಲಾಭಿವೃದ್ಧಿ ಸಮಿತಿಗಳಿವೆ. ಅಂಗಡಿಕಾರರೂ ಇದರಲ್ಲಿ ಕೂಲಿಕಾರರ ಜೊತೆಗಾರರು, ಏಕೆಂದರೆ ಇಬ್ಬರ ಮಕ್ಕಳೂ ಕೂತಿರುವುದು ಒಂದೇ ಜಗಲಿಯ ಮೇಲೆ.

೨೦೧೬ರ ಏಪ್ರಿಲ್ ತಿಂಗಳಲ್ಲಿ ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ಬೀದಿಗಿಳಿದಾಗ ದಿಲ್ಲಿಯ ಸರಕಾರವೇ ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ತಮ್ಮ ದುಡ್ಡನ್ನು ಉಳಿಸಿಕೊಂಡವರು ತಮ್ಮ ಮಕ್ಕಳ ಸಂಜೆಯನ್ನು ಉಳಿಸಿಕೊಳ್ಳಲಾರರೇ? ಮುಂದಿನ ಸಲ ಓಟು ಕೇಳಲು ಬಂದವರನ್ನು ಜಗಲಿಯ ಮೇಲೆ, ಆ ಮಗುವಿನ ಪಕ್ಕದಲ್ಲೇ ಕೂರಿಸಿ ಈ ಪ್ರಶ್ನೆ ಕೇಳಿ. ಉತ್ತರ ಬರುವವರೆಗೆ ಏಳಗೊಡಬೇಡಿ.