ನಿಂತಲ್ಲೇ ಉಸಿರು ಕಟ್ಟುವ ಎಂಜಿನ್

ಬಸವನಗುಡಿ, ಚಾಮರಾಜಪೇಟೆಗಳ ಹಳೆಯ ಮನೆಗಳ ಕಾಂಪೌಂಡಿನಲ್ಲಿ ಅಪ್ಪನ ಕಾಲದ ಕಾರೊಂದು ಟಾರ್ಪಾಲು ಹೊದ್ದು ನಿಂತಿರುವುದು ಅಪರೂಪವೇನಲ್ಲ. ಮಗನೋ ಮಗಳೋ ಎಂಜಿನಿಯರಿಂಗ್ ಮೂರನೆಯ ವರ್ಷಕ್ಕೆ ಬಂದಾಗ ಆ ಟಾರ್ಪಾಲು ಸರಿಯುತ್ತದೆ. ಹತ್ತಿರದಲ್ಲೇ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಸಾಲು ಇರುವಾಗ ಕೈ ಸುಮ್ಮನಿದ್ದೀತೆ? ಮೊದಲು ಎಂಜಿನ್ ಸ್ಟಾರ್ಟ್ ಆದರೆ ಸಾಕು ಎನಿಸುತ್ತದೆ, ಆಮೇಲೆ ಪಿಕಪ್ ಸಾಲದೆನಿಸುತ್ತದೆ, ಕೊನೆಗೊಂದು ದಿನ ಸೂಪರ್‌ಚಾರ್ಜರ್ ಮನೆಗೆ ಬರುತ್ತದೆ. ಅದನ್ನು ಕೂರಿಸಿದ ಮರುದಿನವೇ ದೂರು ಶುರು: ‘ಆಕ್ಸಿಲರೇಟರ್ ಒತ್ತಿದರೆ ಓಡುತ್ತದೆ, ಕಾಲು ತೆಗೆದರೆ ಆಫ್ ಆಗುತ್ತದೆ.’

ಸೂಪರ್‌ಚಾರ್ಜರ್ ಎಂದರೆ ಎಂಜಿನ್ನಿನದೇ ಬೆಲ್ಟಿನಿಂದ ತಿರುಗುವ ಗಾಳಿಯ ಪಂಪು. ಹೆಚ್ಚು ಗಾಳಿ ತುರುಕಿದರೆ ಹೆಚ್ಚು ಪೆಟ್ರೋಲು ಉರಿಸಬಹುದು, ಹೆಚ್ಚು ಶಕ್ತಿ ಪಡೆಯಬಹುದು. ಬೆಂಗಳೂರಿಗೆ ಇದು ಹೊಸದಲ್ಲ. ಮಹಾಯುದ್ಧ ಮುಗಿದಾಗ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರುಗಳನ್ನು 1948ರಿಂದ ಇಲ್ಲಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ದುರಸ್ತಿಮಾಡಿ ವಾಯುಪಡೆಗೆ ಒಪ್ಪಿಸಿತು. ತೆಳುಗಾಳಿಯ ಎತ್ತರದಲ್ಲಿ ಆ ವಿಮಾನಗಳ ಎಂಜಿನ್‌ಗಳನ್ನು ಕಾಯುತ್ತಿದ್ದುದೂ ಇಂಥ ಪಂಪುಗಳೇ.

ಐಡ್ಲಿಂಗ್‌ನಲ್ಲಿ ಎಂಜಿನ್ ವಿಶ್ರಾಂತಿ ಪಡೆಯುತ್ತಿದೆ ಎಂದುಕೊಳ್ಳುವುದು ತಪ್ಪು. ಆಗ ಥ್ರಾಟಲ್ ಬಹುತೇಕ ಮುಚ್ಚಿರುತ್ತದೆ, ಸಿಲಿಂಡರುಗಳು ಮಾತ್ರ ಗಾಳಿಯನ್ನು ಎಳೆಯುತ್ತಲೇ ಇರುತ್ತವೆ. ಮ್ಯಾನಿಫೋಲ್ಡಿನೊಳಗಿನ ಒತ್ತಡ ಹೊರಗಿನದರ ಸುಮಾರು ಮೂರನೆಯ ಒಂದು ಪಾಲಿಗೆ ಇಳಿದಿರುತ್ತದೆ. ಇಂಥ ಹೊತ್ತಿನಲ್ಲಿ ಸೂಜಿ ತೂರುವಷ್ಟು ಸಂದಿಯಿದ್ದರೂ ಅದರ ಮೂಲಕ ನುಗ್ಗುವ ಗಾಳಿ ಲೆಕ್ಕ ತಪ್ಪಿಸಲು ಸಾಕು. ಜೋರಾಗಿ ಓಡುವಾಗ ಅದೇ ಸೋರಿಕೆ ಅರಿವಿಗೇ ಬರುವುದಿಲ್ಲ. ಅನುಭವಿ ಮೆಕ್ಯಾನಿಕ್ ಬಾನೆಟ್ ಎತ್ತಿದೊಡನೆ ‘ಎಲ್ಲೋ ಏರ್ ಎಳೀತಿದೆ’ ಎನ್ನುವುದು ಇದನ್ನೇ.

ಹುಡುಗರು ಮೊದಲು ಕೈ ಹಾಕುವುದು ಮಾತ್ರ ಪೆಟ್ರೋಲಿಗೆ. ದೊಡ್ಡ ಇಂಜೆಕ್ಟರ್, ಹೊಸ ಪಂಪು, ಕಂಪ್ಯೂಟರಿನ ಅಂಕಿಗಳ ಬದಲಾವಣೆ ಎಲ್ಲವೂ ಒಂದೇ ಭಾನುವಾರ ನಡೆದುಹೋಗುತ್ತದೆ. ಸೋಮವಾರ ಕಾಯಿಲೆ ಯಾವುದು, ಔಷಧದ ಅಡ್ಡಪರಿಣಾಮ ಯಾವುದು ಎಂದು ಯಾರಿಗೂ ತಿಳಿಯದು. ಗಾಳಿಯ ವಿಚಾರಣೆ ಮುಗಿಯುವವರೆಗೆ ಪೆಟ್ರೋಲಿನ ತಂಟೆಗೆ ಹೋಗಬಾರದು. ಹೊಸದಾಗಿ ಸೇರಿಸಿದ ಪ್ರತಿಯೊಂದು ಕೀಲು, ಕೊಳವೆ, ಕ್ಲಿಪ್ಪು, ಗ್ಯಾಸ್ಕೆಟ್ ನೋಡಬೇಕು. ಗಿಡಕ್ಕೆ ನೀರು ಚಿಮುಕಿಸುವ ಬಾಟಲಿಯಿಂದ, ವಿದ್ಯುತ್ ತಂತಿಗಳನ್ನು ತಪ್ಪಿಸಿ, ಕೀಲುಗಳ ಮೇಲೆ ಸ್ವಲ್ಪ ನೀರು ಸಿಂಪಡಿಸಿದಾಗ ಎಂಜಿನ್ನಿನ ಸದ್ದು ಬದಲಾದರೆ ಕಳ್ಳ ಸಿಕ್ಕಂತೆ. ಊದುಬತ್ತಿಯ ಹೊಗೆ ಹಿಡಿಯುವ, ಪೆಟ್ರೋಲನ್ನೇ ಚಿಮುಕಿಸುವ ಚಾಲಾಕಿ ಬೇಡವೇ ಬೇಡ, ಮನೆ ಉರಿದೀತು.

ಆಮೇಲೆ ಬೈಪಾಸ್ ವಾಲ್ವ್. ಬೆಲ್ಟಿನ ಪಂಪು ಐಡ್ಲಿಂಗ್‌ನಲ್ಲೂ ತಿರುಗುತ್ತಲೇ ಇರುತ್ತದೆ. ಆಗ ಅದು ನೂಕಿದ ಗಾಳಿ ಹಿಂದಕ್ಕೆ ಸುತ್ತಿ ಬರಲು ಈ ವಾಲ್ವ್ ತೆರೆದಿರಬೇಕು. ಅಂಟಿಕೊಂಡಿದ್ದರೆ ಎಂಜಿನ್ ವೃಥಾ ಭಾರ ಎಳೆಯುತ್ತದೆ, ಗಾಳಿಯೂ ಕಾಯುತ್ತದೆ.

ಇಷ್ಟಾದ ಮೇಲೆ ಪೆಟ್ರೋಲಿನ ಸರದಿ. ದೊಡ್ಡ ಇಂಜೆಕ್ಟರಿಗೂ ಒಂದು ದೋಷವಿದೆ. ಐಡ್ಲಿಂಗ್‌ಗೆ ಬೇಕಾದ್ದು ಹನಿಯಷ್ಟು. ದೊಡ್ಡದು ಅಷ್ಟೇ ಕೊಡಬೇಕಾದರೆ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ತೆರೆದು ಮುಚ್ಚಬೇಕು. ಅಷ್ಟು ಸಣ್ಣ ಅವಧಿಯಲ್ಲಿ ಅಳತೆ ಕರಾರುವಾಕ್ಕಾಗಿರುವುದಿಲ್ಲ. ಎಂಜಿನ್ ಏರುತ್ತಾ ಇಳಿಯುತ್ತಾ ತೂಗಾಡುತ್ತದೆ. ಹಂಡೆಗೆ ನೀರು ತುಂಬುವ ಬಕೆಟ್ಟಿನಿಂದ ಒಳಲೆಗೆ ಹಾಲು ಹೊಯ್ದ ಹಾಗೆ!

ಐಡ್ಲಿಂಗ್ ಸರಿಯಾಯಿತೆಂದು ಬೀಗುವ ಹೊತ್ತಿನಲ್ಲೇ ನಿಜವಾದ ಅಪಾಯ ಕಾದಿರುತ್ತದೆ. ಮಾಮೂಲು ಕಾರಿನ ಒತ್ತಡ ಸೆನ್ಸರಿಗೆ ಹೊರಗಿನ ಗಾಳಿಯ ಒತ್ತಡದವರೆಗೆ ಮಾತ್ರ ಕಣ್ಣು ಕಾಣುತ್ತದೆ. ಸೂಪರ್‌ಚಾರ್ಜರ್ ಅದನ್ನು ಮೀರಿ ತುರುಕಿದ ಗಾಳಿ ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ; ಅದು ಹಳೆಯ ಲೆಕ್ಕದಲ್ಲೇ ಪೆಟ್ರೋಲು ಬಡಿಸುತ್ತದೆ. ಶುದ್ಧ ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ ಅದರ 14.7 ಪಾಲು ಗಾಳಿ ಬೇಕು. ಹೀಗೆ ಒತ್ತಿ ತುಂಬಿದ ಎಂಜಿನ್ನಿಗೆ 12ರ ಆಸುಪಾಸು, ಎಂದರೆ ಪೆಟ್ರೋಲು ಹೆಚ್ಚೇ ಇರಬೇಕು. ಕಡಿಮೆಯಾದರೆ ಕಿಡಿ ಹಚ್ಚಿದ ಮೇಲೂ ಉಳಿದ ಮಿಶ್ರಣ ತಾನಾಗಿ ಸಿಡಿದು ಪಿಸ್ಟನ್ ಕರಗಿ ತೂತಾಗಬಹುದು. ಪಂಪಿನದೂ ಒಂದು ಪರೀಕ್ಷೆಯಿದೆ. 3 ಬಾರ್ ಒತ್ತಡಕ್ಕೆಂದು ಮಾಡಿದ ವ್ಯವಸ್ಥೆ, ಮ್ಯಾನಿಫೋಲ್ಡಿನಲ್ಲಿ ಅರ್ಧ ಬಾರ್ ಏರಿದಾಗ 3.5 ಬಾರ್ ಕೊಡಬೇಕು. ಒತ್ತಡ ಏರಿದಷ್ಟೂ ಪಂಪು ಹರಿಸುವ ಪ್ರಮಾಣ ಇಳಿಯುತ್ತದೆ. ಗೇಜು ಹಾಕಿ ನೋಡದೆ ಇದು ತಿಳಿಯದು. ಈಗಿನ ಬಂಕುಗಳಲ್ಲಿ ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲು ಬರುತ್ತಿರುವುದರಿಂದ ಹಳೆಯ ರಬ್ಬರ್ ಕೊಳವೆಗಳನ್ನು ಮುಲಾಜಿಲ್ಲದೆ ಬದಲಿಸುವುದು ಲೇಸು.

ತಂದೆತಾಯಿಗಳು ಖರ್ಚಿನ ಪಟ್ಟಿ ನೋಡಿ ಗದರುವುದಕ್ಕೆ ಮೊದಲು ಒಂದು ಗೇಜು ಮತ್ತು ಬೆಂಕಿ ಆರಿಸುವ ಸಿಲಿಂಡರ್ ಕೊಡಿಸುವುದು ಒಳ್ಳೆಯದು. ಹಾಗೆಂದು ಇಂಥ ಕಾರನ್ನು ಗಾಂಧಿಬಜಾರಿನಲ್ಲಿ ಓಡಿಸಲು ಬಿಡಬೇಕೆಂದಲ್ಲ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಸೆಯಿದ್ದವರಿಗೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್‌ನಂಥ ವಿದ್ಯಾರ್ಥಿ ಸ್ಪರ್ಧೆಗಳಿವೆ. ಈ ಬಗೆಯ ಸ್ಪರ್ಧೆಯಲ್ಲಿ ಪೆಟ್ರೋಲ್ ಎಂಜಿನ್ 710 ಸಿಸಿ ಮೀರುವಂತಿಲ್ಲ. ಅದು ಕುಡಿಯುವ ಗಾಳಿಯೆಲ್ಲ 20 ಮಿಲಿಮೀಟರಿನ ಒಂದೇ ರಂಧ್ರದ ಮೂಲಕ ಹೋಗಬೇಕು. ಸೂಪರ್‌ಚಾರ್ಜರ್ ಹಾಕಿದರೂ ರಂಧ್ರ ಅದಕ್ಕಿಂತ ಮೊದಲು ಇರಬೇಕು. ಆ ರಂಧ್ರವನ್ನು ಅಂಗೈಯಿಂದ ಮುಚ್ಚಿದಾಗ ಎಂಜಿನ್ ನಿಂತರೆ ಸರಿ. ಓಡುತ್ತಲೇ ಇದ್ದರೆ ಎಲ್ಲೋ ಏರ್ ಎಳೆಯುತ್ತಿದೆ.