ಆಧಾರ್ ಕಾರ್ಡ್ ಕಡ್ಡಾಯ

ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯಲ್ಲಿ ಮೊನ್ನೆ ಟೀ ಅಂಗಡಿಯ ಗೋಡೆಗೆ ಹಚ್ಚಿದ್ದ ಕಬಡ್ಡಿ ಕರಪತ್ರ ಓದುತ್ತಾ ನಿಂತಿದ್ದೆ. ಹೊನಲು ಬೆಳಕಿನ ಪಂದ್ಯಾವಳಿ, ಪ್ರವೇಶ ಶುಲ್ಕ, ಟ್ರೋಫಿ ಕೊಡಿಸುವ ದಾನಿಗಳ ಫೋಟೊ, ಎಲ್ಲ ಮಾಮೂಲಿ. ಕೊನೆಯ ಸಾಲು ಮಾತ್ರ ದಪ್ಪ ಅಕ್ಷರದಲ್ಲಿತ್ತು: ಒಂದೇ ಊರಿನ ಆಟಗಾರರಿರಬೇಕು, ಆಧಾರ್ ಕಾರ್ಡ್ ಕಡ್ಡಾಯ. ಪಡಿತರಕ್ಕೆ ಕೇಳುವ ಕಾರ್ಡನ್ನು ರೈಡಿಗೆ ಹೋಗುವವನ ಹತ್ತಿರವೂ ಕೇಳುವ ಕಾಲ. ಕೇಳದಿದ್ದರೆ ಏನಾಗುತ್ತದೆಂದು ಕಂಡವರಿಗೆ ಗೊತ್ತು. ಸೆಮಿಫೈನಲ್ ಹೊತ್ತಿಗೆ ಊರಿನ ಹೆಸರು ಬನಿಯನ್ ಮೇಲಷ್ಟೇ ಉಳಿದು, ಬನಿಯನ್ ಒಳಗೆ ಶಿವಮೊಗ್ಗ, ದಾವಣಗೆರೆಯ ಹುಡುಗರಿರುತ್ತಾರೆ.

ಯಾಕೋ ಬೆಂಗಳೂರಿನ ಒಂದು ಫುಟ್‌ಬಾಲ್ ಕ್ಲಬ್ ನೆನಪಾಯಿತು. ನಮ್ಮ ಕಡೆ ಫುಟ್‌ಬಾಲ್ ಅಂದರೆ ಪಿ.ಟಿ. ಪೀರಿಯಡ್ಡಿನಲ್ಲಿ ಮೇಷ್ಟ್ರು ಎಸೆದುಹೋಗುತ್ತಿದ್ದ, ಅರ್ಧ ಗಾಳಿ ಹೋದ ಚೆಂಡು, ಅಷ್ಟೇ. ಆದರೂ ಆ ಕ್ಲಬ್ಬಿನ ಕಥೆ ಕುತೂಹಲದ್ದು. ಮೊದಲು ಅದರ ಹೆಸರು ಬೆಂಗಳೂರು ಈಗಲ್ಸ್, ಈಗ ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು. ನಗರದ ಲೀಗ್‌ನಲ್ಲಿ ಆಡಿಕೊಂಡಿದ್ದ ತಂಡ. 2023ರಲ್ಲಿ ದೇಶಮಟ್ಟದ ಲೀಗುಗಳ ಕೆಳಗಿನ ದರ್ಜೆಯಾದ ಐ-ಲೀಗ್ 3 ಆಡಿ ಮೇಲೆ ಬಂತು. ಕೆಲವೇ ತಿಂಗಳಲ್ಲಿ, 2024ರ ಬೇಸಿಗೆಯಲ್ಲಿ, ಐ-ಲೀಗ್ 2 ಗೆದ್ದೇಬಿಟ್ಟಿತು. 2024–25ಕ್ಕೆ ಐ-ಲೀಗ್. ಅಲ್ಲಿ ಎದುರಿಗೆ ನಿಂತವರು ಗೋವಾದ ಚರ್ಚಿಲ್ ಬ್ರದರ್ಸ್, ಕೇರಳದ ಗೋಕುಲಂನಂಥ ಪಳಗಿದ ತಂಡಗಳು. ಆ ಋತು ಮುಗಿಯುವಾಗ ಬೆಂಗಳೂರಿನವರು ಪಟ್ಟಿಯ ಕೆಳಭಾಗದಲ್ಲಿದ್ದರು.

ಒಂದೇ ವರ್ಷದಲ್ಲಿ ಎರಡು ಮೆಟ್ಟಿಲು ಹತ್ತಿದ್ದು ದೊಡ್ಡದೇ. ಆದರೆ ನನ್ನ ಬೆರಗು ಬೇರೆ: ಹತ್ತಲು ಅಲ್ಲೊಂದು ಮೆಟ್ಟಿಲಾದರೂ ಇದೆಯಲ್ಲ! 2014ರಲ್ಲಿ ಶುರುವಾದ ಪ್ರೊ ಕಬಡ್ಡಿಯನ್ನು ನೋಡಿ. ಚನ್ನಗಿರಿ ತಾಲ್ಲೂಕಿನ ತಂಡವೊಂದು ಸುತ್ತಲ ಹತ್ತೂರು ಗೆದ್ದರೂ ಆ ಲೀಗಿಗೆ ಹೋಗುವ ದಾರಿ ಇಲ್ಲ. ಅಲ್ಲಿ ತಂಡವನ್ನು ದುಡ್ಡಿದ್ದವರು ಕೊಳ್ಳಬೇಕು. ನಮ್ಮಿಂದ ಹೋಗುವುದಾದರೆ ಒಬ್ಬ ಹುಡುಗ ಹೋಗಬಹುದು, ಹರಾಜಿನಲ್ಲಿ, ಅದೂ ನಸೀಬಿದ್ದರೆ. ಐಪಿಎಲ್ ಕಥೆಯೂ ಇದೇ. ಫುಟ್‌ಬಾಲ್‌ನಲ್ಲೂ ಎಲ್ಲರೂ ಮೆಟ್ಟಿಲು ಹತ್ತಿಯೇ ಬಂದಿದ್ದಾರೆ ಅನ್ನುವಂತಿಲ್ಲ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಹೊಸಿಲಲ್ಲಿ ನಿಲ್ಲದೆ ನಡುಮನೆಗೇ ಬಂದ ಅಳಿಯ. ನೇರ ಐ-ಲೀಗಿಗೆ ಇಳಿದು ಮೊದಲ ಸಲವೇ ಕಪ್ ಎತ್ತಿತು. ಬೆನ್ನಿಗೆ ದೊಡ್ಡ ಕಂಪನಿ ಜೆಎಸ್‌ಡಬ್ಲ್ಯು ಇತ್ತು. ಇನ್ನು ಐಎಸ್‌ಎಲ್‌ ಎಂಬ ಅತಿ ಮೇಲಿನ ದರ್ಜೆಯ ಅಟ್ಟಕ್ಕೆ ಬಹಳ ವರ್ಷ ಏಣಿಯನ್ನೇ ಇಟ್ಟಿರಲಿಲ್ಲ. ಐ-ಲೀಗ್ ಗೆದ್ದು ಅಲ್ಲಿಗೆ ಮೊದಲು ಹತ್ತಿದ್ದು ಪಂಜಾಬ್ ತಂಡ, 2023ರಲ್ಲಿ.

ಬೆಂಗಳೂರಿನ ಹಳೆಯ ಕ್ಲಬ್ಬುಗಳ ಕಾಲದಲ್ಲಿ ಇಂಥ ದರ್ಜೆಗಳ ರಗಳೆ ಇರಲಿಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಗೆ ಹೋಗಿ, ಅಲ್ಲಿಯವರೆಗೆ ಬ್ರಿಟಿಷ್ ಪಲ್ಟನ್ನುಗಳ ಸ್ವತ್ತಾಗಿದ್ದ ರೋವರ್ಸ್ ಕಪ್ ಗೆದ್ದು ತಂದಿತು. ಮರುವರ್ಷ ಮತ್ತೆ ಗೆದ್ದಿತು. ಆಮೇಲೆ? ಬೆಂಗಳೂರಿನ ಅಹ್ಮದ್ ಖಾನ್ ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್‌ನ ‘ಪಂಚ ಪಾಂಡವ’ರಲ್ಲಿ ಒಬ್ಬರಾದರು, 1948 ಮತ್ತು 1952ರ ಒಲಿಂಪಿಕ್ಸ್ ಆಡಿದರು. ಆಟಗಾರ ಎತ್ತರಕ್ಕೆ ಹೋದ, ಅವನನ್ನು ಬೆಳೆಸಿದ ಊರ ಕ್ಲಬ್ಬುಗಳು ಇದ್ದಲ್ಲೇ ಉಳಿದವು.

ಈಗ ಉಲ್ಟಾ ಆಗುವ ಸಂಭವವೇ ಹೆಚ್ಚು: ಕ್ಲಬ್ ಮೇಲೆ ಹೋಗಬಹುದು, ಹುಡುಗ ಕೆಳಗುಳಿಯಬಹುದು. ಮೇಲಿನ ದರ್ಜೆ ಅಂದರೆ ಲೈಸೆನ್ಸ್ ಬೇಕು. ಸರ್ಟಿಫಿಕೇಟ್ ಇರುವ ಕೋಚ್, ಕಿರಿಯರ ತಂಡ, ಲೆಕ್ಕಪತ್ರ, ದೇಶದ ಆ ಮೂಲೆಗೂ ಈ ಮೂಲೆಗೂ ಓಡಾಡುವ ಖರ್ಚು. ವಿದೇಶಿ ಆಟಗಾರರು ಬರುತ್ತಾರೆ. ಕೆಲಸ ಮುಗಿಸಿ ಸಂಜೆ ಬೂಟು ಕಟ್ಟಿಕೊಂಡು ಓಡಿಬರುತ್ತಿದ್ದವನು, ಆ ಕ್ಲಬ್ಬನ್ನು ಕೆಳಗಿನಿಂದ ಎತ್ತಿ ತಂದವನು, ಬೆಂಚಿನ ತುದಿಗೆ ಸರಿಯುತ್ತಾನೆ. ಇದು ಯಾರ ತಪ್ಪೂ ಅಲ್ಲ. ಅವನನ್ನೇ ಇಟ್ಟುಕೊಂಡು ಆಡಿದರೆ ತಂಡ ಕೆಳಗಿಳಿಯುತ್ತದೆ, ಬೇರೆಯವರನ್ನು ತಂದು ಗೆದ್ದರೆ ಗೆದ್ದವರು ಯಾರು ಅನ್ನುವ ಪ್ರಶ್ನೆ ಏಳುತ್ತದೆ. ಕರಪತ್ರದ ದಪ್ಪ ಅಕ್ಷರದ ಸಾಲು ಇದೇ ಪ್ರಶ್ನೆಗೆ ನಮ್ಮೂರಿನವರು ಕಂಡುಕೊಂಡ ಒರಟು ಉತ್ತರ.

ನಮ್ಮ ಕಬಡ್ಡಿ ತಂಡದ ಕಾಲದಲ್ಲಿ ಈ ಸಾಲು ಇರಲಿಲ್ಲ. ಅಡಿಕೆ ಒಣಗಿಸುವ ಕಣದಲ್ಲಿ ಸುಣ್ಣದ ಗೆರೆ ಎಳೆದು ವರ್ಷಗಟ್ಟಲೆ ಆಡಿದವರು ನಾವು. ಒಮ್ಮೆ ಜಾತ್ರೆಯ ಪಂದ್ಯದಲ್ಲಿ ಫೈನಲ್‌ವರೆಗೂ ಹೋದೆವು. ಎದುರು ಪಾಳೆಯದಲ್ಲಿ ನೋಡಿದರೆ ನಮ್ಮದೇ ರೈಡರ್! ಪಕ್ಕದೂರಿನವರು ಐನೂರು ರೂಪಾಯಿ, ಒಂದು ಜೊತೆ ಶೂ ಕೊಟ್ಟು ಕರೆದುಕೊಂಡಿದ್ದರು. ಮೊದಲ ರೈಡಿನಲ್ಲೇ ನನ್ನ ಭುಜ ಮುಟ್ಟಿ ಹೋದ. ನನ್ನ ಎಡಗಾಲು ಹಿಂದೆ ಬೀಳುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಸೋತೆವು.

ಬಿಡುವಿನಲ್ಲಿ ಅವನು ಅಭ್ಯಾಸಬಲದಿಂದ ನಮ್ಮ ಕಡೆಯ ಬಿಂದಿಗೆಗೇ ನೀರಿಗೆ ಬಂದಿದ್ದ. ಅರ್ಧ ಲೋಟ ಕುಡಿದ ಮೇಲೆ ಗೊತ್ತಾಗಿ ನಿಂತುಬಿಟ್ಟ. ‘ಏನ್ ಮಾಡ್ಲಿ ಅಣ್ಣಾ, ಶೂ ಕೊಟ್ರು’ ಅಂದ. ಯಾರೂ ಮಾತಾಡಲಿಲ್ಲ. ನಾವೆಲ್ಲ ಬರಿಗಾಲಲ್ಲಿದ್ದೆವು, ಅವನ ಹೊಸ ಶೂಗಳನ್ನೇ ನೋಡುತ್ತಾ ಕೂತೆವು.